ವಸ್ತಾದನ ಮಗನ ಅಂಗೈ

ಎರಿಗಟ್ಟಿಯ ಉಳವಪ್ಪಜ್ಜನವರು ಮಠ ಕಟ್ಟಿದವರಲ್ಲ, ಪಲ್ಲಕ್ಕಿ ಏರಿದವರಲ್ಲ. ಊರ ಹೊರಗಿನ ಹಾಳು ಮಂಟಪದಲ್ಲಿ ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ ಇಟ್ಟುಕೊಂಡಿದ್ದ ಮಹಾತ್ಮರು. ಬೆಳಿಗ್ಗೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತರೆಂದರೆ ಬಲಗೈ ತೊಡೆಯ ಮೇಲಿಂದ ಮೆಲ್ಲಗೆ ಏಳುತ್ತಿತ್ತು. ಉಸಿರು ಎಷ್ಟು ಒಳಗೆ ಹೋಯಿತೋ ಕೈ ಅಷ್ಟೇ ಮೇಲೆ. ಎದೆಯ ಮಟ್ಟಕ್ಕೆ ಬಂದು ಒಂದಿಷ್ಟು ನಿಂತು, ಉಸಿರು ಹೊರಗೆ ಬಂದ ಹಾಗೇ ಕೆಳಗಿಳಿಯುತ್ತಿತ್ತು. ಅವರ ಪೂಜೆ ಅಂದರೆ ಅದೇ. ಗಂಟೆಯಿಲ್ಲ, ಆರತಿಯಿಲ್ಲ. ನಮ್ಮ ಅತ್ತೆ ನೀರಿಗೆ ಹೋಗುವಾಗ ಬರುವಾಗ ದಿನಾ ಕಂಡವರು. ಅವರ ಬಾಯಿಂದಲೇ ಈ ಮಾತು ನನಗೆ ಬಂದದ್ದು.

ಮಂಟಪದ ಎದುರಿಗೇ ಗರಡಿಮನೆ. ಅಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ವಸ್ತಾದ ಭರಮಪ್ಪ. ತೆಂಗಿನಕಾಯಿಯನ್ನು ಗುದ್ದಿ ಒಡೆಯುವ ಕೈ ಅವನದು. ಅಜ್ಜನವರನ್ನು ಕಂಡರೆ ಅವನಿಗೆ ತಮಾಷೆ.

"ಏನ್ರಿ ಅಜ್ಜಾರ, ನೊಣಾ ಹೊಡೀಲಿಕ್ಕೂ ಮುಹೂರ್ತ ನೋಡ್ತೀರೇನು?" ಅನ್ನುವನು.

ಅಜ್ಜನವರ ಕೈ ಉಸಿರಿನ ಜೊತೆ ಏಳುತ್ತ ಇಳಿಯುತ್ತಲೇ ಇರುತ್ತಿತ್ತು.

ಭರಮಪ್ಪನಿಗೆ ಒಬ್ಬನೇ ಮಗ, ಅಡಿವೆಪ್ಪ. ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಅವನಿಗೆ ಒಮ್ಮೆ ಜ್ವರ ಬಂತು. ಆ ಗರಡಿಯವರದೊಂದು ನಂಬಿಕೆ ಇತ್ತು ನೋಡಿ: ಗರಡಿಯ ಕೆಮ್ಮಣ್ಣು ಎಂಥ ಜ್ವರವನ್ನೂ ಹೀರುತ್ತದೆ, ಅದರಲ್ಲಿ ಬಿದ್ದು ಬೆವರಬೇಕಷ್ಟೇ ಎಂದು. ತಾಯಿ ನೀಲಗಂಗವ್ವ ಬಾಗಿಲಿಗೆ ಅಡ್ಡ ನಿಂತಳು.

"ಮೈ ಹಂಚಿನಂಗ ಸುಡಾಕತ್ತೈತಿ. ಇವತ್ತೊಂದು ದಿನ ಬಿಡ್ರಿ."

"ಸೀರಿ ಉಡಿಸಿ ಒಳಗ ಕುಂದರಸಿಕೋ ಹಂಗಾರ," ಎಂದು ಭರಮಪ್ಪ ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಮಣ್ಣಿಗಿಳಿಸಿದ, ಜೋಡಿ ಕೊಟ್ಟು ಆಡಿಸಿದ. ಹುಡುಗ ಬೆವರಿದ. ಬೆವರಿ ಅಲ್ಲೇ ಕುಸಿದ. ಮರುದಿನ ಬೆಳಕು ಹರಿಯುವ ಮೊದಲೇ ಜೀವ ಹೋಗಿತ್ತು.

ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಮಾಡುತ್ತಾರೆ. ಎಡ ಅಂಗೈಯಲ್ಲಿ ಅವರವರ ಲಿಂಗ ಇಟ್ಟೇ ಕಳಿಸಬೇಕು. ಆದರೆ ಆ ಹುಡುಗನ ಎಡಗೈ ಮುಷ್ಟಿ ಬಿಗಿದುಬಿಟ್ಟಿತ್ತು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಲಿಂಗ ಹಿಡಿದು ನಿಂತಿದ್ದಾರೆ, ಇಡಲು ಅಂಗೈಯಿಲ್ಲ. ಕುಣಿ ತೋಡಿ ಆಗಿದೆ, ಹೊತ್ತು ಇಳಿಯುತ್ತಿದೆ.

"ಬರಿಗೈಲೆ ಕಳಸಬ್ಯಾಡ್ರೋ ನನ್ನ ಮಗನ್ನ," ಎಂದು ನೀಲಗಂಗವ್ವ ನೆಲ ಬಡಿದು ಅತ್ತಳು.

ಭರಮಪ್ಪ ಮುಂದೆ ಬಂದು ಮಗನ ಹೆಬ್ಬೆರಳು ಹಿಡಿದು ಹಿಂದಕ್ಕೆ ಮಡಚಿದ. ಲಟಕ್ಕನೆ ಸಪ್ಪಳಾಯಿತು.

"ಸತ್ತ ಮ್ಯಾಲೂ ಬಿಡವಲ್ಲೆಲ್ಲೋ! ಮುಟ್ಟಬ್ಯಾಡ ನನ್ನ ಕೂಸಿನ್ನ!"

ಗಂಡನಿಗೆ ಎಂದೂ ಏಕವಚನ ಆಡದ ಹೆಂಗಸು. ಮನೆ ಗರಡಿಯ ಬೆನ್ನಿಗೇ ಇತ್ತು; ಆ ಕೂಗು ಮಂಟಪದವರೆಗೆ ಕೇಳಿಸಿತು. ಅಜ್ಜನವರು ಎದ್ದು ಬಂದರು.

ಇನ್ನೇನು ಪವಾಡವೊಂದು ಆಗುತ್ತದೆ ಎಂದು ಜನ ಕೈ ಮುಗಿದು ನಿಂತರು. ಅಜ್ಜನವರು ಹೆಣವನ್ನು ಮುಟ್ಟಲಿಲ್ಲ. ಗೋಡೆಗೆ ಮುಖ ಹಾಕಿ ನಿಂತಿದ್ದ ಭರಮಪ್ಪನನ್ನು ಕರೆತಂದು ಕೂಡ್ರಿಸಿ, ಅವನ ಬಲಗೈಯನ್ನು ಮಗನ ಮುಷ್ಟಿಯ ಮೇಲೆ ಇಟ್ಟರು.

"ಬ್ಯಾಡ್ರಿ ಅಜ್ಜಾರ. ಈ ಕೈನಽ ಅವನ್ನ ಕೊಂದದ್ದು."

"ಹೌದು," ಎಂದರು ಅಜ್ಜನವರು. "ಅದಽ ಕೈ ಬೇಕು. ಉಸಿರು ಬಿಡೂವಾಗಷ್ಟ ಕೈ ಆಡಸು. ತಗೊಳ್ಳೂವಾಗ ಸುಮ್ಮನ ಇಡು."

ಮೊದಲ ಉಸಿರು ಅಳುವಾಗಿ ಒಡೆಯಿತು. ಎರಡನೆಯದೂ ಹಾಗೇ. ಅಜ್ಜನವರು ಮಗ್ಗುಲಲ್ಲೇ ಕೂತು ತಾವೂ ಉಸಿರಾಡುತ್ತಿದ್ದರು. ಬರಬರುತ್ತ ಭರಮಪ್ಪನ ಉಸಿರು ಅವರ ಉಸಿರಿನ ಜಾಡು ಹಿಡಿಯಿತು. ಮುಂಗೈಯಿಂದ ಗಿಣ್ಣಿನವರೆಗೆ ಸವರಿದ, ನಿಂತ, ಮತ್ತೆ ಸವರಿದ. ತಣ್ಣಗಿನ ತೊಗಲಿಗೆ ಅಂಗೈಯ ಕಾವು ಇಳಿಯುತ್ತ ಹೋಯಿತು. ಕಿರುಬೆರಳು ಸಡಿಲಾಯಿತು. ಆಮೇಲೆ ಉಂಗುರಬೆರಳು. ಮಗ ಕೂಸಿದ್ದಾಗಿನಿಂದ ಅವನ ಕೈಯನ್ನು ಭರಮಪ್ಪ ಹೀಗೆ ಹಿಡಿದೇ ಇರಲಿಲ್ಲವಂತೆ. ಅಂಗೈ ಬಿಚ್ಚಿದಾಗ ಗರಡಿಯ ಮಣ್ಣು ಅಂಟಿಕೊಂಡಿತ್ತು. ಅದನ್ನು ಧೋತರದ ಅಂಚಿನಿಂದ ಒರೆಸಿ ಅವನೇ ಲಿಂಗ ಇಟ್ಟ.

ಮಣ್ಣು ಮಾಡಿ ಬಂದ ಮೇಲೆ ಅಜ್ಜನವರ ಕಾಲಿಗೆ ಬಿದ್ದು, "ನನಗ ಪ್ರಾಯಶ್ಚಿತ್ತ ಹೇಳ್ರಿ," ಎಂದ.

"ಮನ್ಯಾಗ ಇನ್ನೊಂದು ಮುಷ್ಟಿ ಐತಿ," ಎಂದರು ಅಜ್ಜನವರು. ಮತ್ತೆ ಧ್ಯಾನಕ್ಕೆ ಕಣ್ಣು ಮುಚ್ಚಿ ಕೂತರು.

ಅಂದಿನಿಂದ ಭರಮಪ್ಪ ಗರಡಿಗೆ ಹೋಗಲಿಲ್ಲ. ಸಂಜೆಯಾದರೆ ನೀಲಗಂಗವ್ವನ ಮಗ್ಗುಲಲ್ಲಿ ನೆಲದ ಮೇಲೆ ಕೂತು, ಉಸಿರಿನ ಹಿಂದೆ ಕೈ ಏರಿಸುತ್ತ ಇಳಿಸುತ್ತ ಇರುವನು. ಅವಳನ್ನು ಮುಟ್ಟುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಅವಳು ಎದ್ದು ಒಳಗೆ ಹೋಗುವಳು, ಇವನು ಕೂತೇ ಇರುವನು. ಮಳೆಗಾಲ ಹೋಯಿತು, ಚಳಿ ಬಂತು. ಆಮೇಲಾಮೇಲೆ ಅವಳು ಎದ್ದು ಹೋಗುವುದನ್ನು ಬಿಟ್ಟಳು. ಒಂದು ಸಂಜೆ, ಅವನ ಮುಖ ನೋಡದೆಯೇ,

"ಉಂಡೀರೇನು?" ಅಂದಳಂತೆ.

ಏರಿದ್ದ ಕೈ ಉಸಿರಿನ ಜೊತೆ ಇಳಿದ ಮೇಲೆ ಭರಮಪ್ಪ, "ಇಲ್ಲ," ಅಂದ.