ಆನೆಮಡುವಿನ ಎರಡು ದಡ

ಮಕ್ಕಳೇ, ದಟ್ಟ ಕಾಡಿನ ನಡುವೆ ಒಂದು ಹೊಳೆ. ಮಳೆಗಾಲದಲ್ಲಿ ಅದರ ಅಬ್ಬರಕ್ಕೆ ಆನೆಗಳೂ ದಾಟಲು ಹಿಂಜರಿಯುತ್ತಿದ್ದವು. ಬೇಸಿಗೆ ಬಂದರೆ ಅದೇ ಹೊಳೆ ಸೊರಗಿ, ಮರಳು ಮೇಲೆದ್ದು, ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿಯುತ್ತಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ಆನೆಮಡು. ಹೊಳೆಯ ಮೀನೆಲ್ಲ ಜೀವ ಉಳಿಸಿಕೊಳ್ಳಲು ಅಲ್ಲಿಗೇ ಬಂದು ಸೇರುತ್ತಿದ್ದವು.

ಮೀನಿದ್ದ ಕಡೆ ನೀರುನಾಯಿಗಳೂ ಇರುತ್ತವೆ. ಮಡುವಿನ ಪಡುವಣ ದಡದಲ್ಲಿ, ಹೊಳೆಮತ್ತಿ ಮರದ ಬೇರುಗಳ ಸಂದಿಯಲ್ಲಿ, ಹನ್ನೊಂದು ನೀರುನಾಯಿಗಳ ಗುಂಪೊಂದು ವಾಸವಾಗಿತ್ತು. ಅದಕ್ಕೆ ಹಿರಿಯಳು ಬೆಳ್ಳಕ್ಕ. ಗಂಟಲ ಕೆಳಗೆ ಬೆಳ್ಳಗಿನ ಪಟ್ಟೆಯೊಂದು ಇದ್ದುದರಿಂದ ಅವಳಿಗೆ ಆ ಹೆಸರು. ಮೂಡಣ ದಡದ ಬಿಲಗಳಲ್ಲಿ ಹದಿಮೂರು ನೀರುನಾಯಿಗಳಿದ್ದವು. ಅವುಗಳ ಯಜಮಾನ ಮೀಸೆಮಾವ. ಅವನು ನೀರಿನಿಂದ ತಲೆ ಎತ್ತುವ ಮೊದಲೇ ಅವನ ಮೀಸೆ ಕಾಣಿಸಿಕೊಳ್ಳುತ್ತಿತ್ತು.

ಎರಡು ದಡಗಳ ನಡುವೆ ಮಾತುಕತೆ ನಿಂತು ಎಷ್ಟೋ ವರ್ಷಗಳಾಗಿದ್ದವು. ಯಾಕೆ ನಿಂತಿತೆಂಬುದು ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

ಆ ವರ್ಷ ಬಿಸಿಲು ವಿಪರೀತವಾಗಿತ್ತು. ಒಂದು ಬೆಳಗ್ಗೆ ಬೆಳ್ಳಕ್ಕ ದಡದ ಬಂಡೆಗಳ ಮೇಲೆ ನಡೆದಾಡುವಾಗ ಅರ್ಧ ತಿಂದು ಬಿಸಾಡಿದ ಮೀನುಗಳು ಕಣ್ಣಿಗೆ ಬಿದ್ದವು. ಒಂದೆರಡಲ್ಲ, ಬಂಡೆಗೆ ನಾಲ್ಕೈದು. ನೊಣ ಮುತ್ತುತ್ತಿದ್ದವು. ಅವಳ ತಮ್ಮ ಭರಮ ಆಗಷ್ಟೇ ಇನ್ನೊಂದು ಗೆಂಡೆಮೀನನ್ನು ಕಚ್ಚಿಕೊಂಡು ಮೇಲೆ ಬಂದ. ಹೊಟ್ಟೆ ತುಂಬಿದ ಮೇಲೂ ಯಾಕೆ ಹಿಡಿಯುತ್ತೀಯೆಂದು ಅವಳು ಕೇಳಿದಳು.

"ನಾವು ಬಿಟ್ಟರೆ ಆ ಕಡೆಯವರು ಹಿಡಿಯುತ್ತಾರಲ್ಲ ಅಕ್ಕಾ," ಎಂದ ಭರಮ.

ಬೆಳ್ಳಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಳೆ ಬರಲು ಇನ್ನೂ ಎರಡು ತಿಂಗಳು ಬೇಕು. ಹೀಗೇ ನಡೆದರೆ ಮಡುವಿನ ಮೀನು ಇಪ್ಪತ್ತು ದಿನವೂ ಬಾಳುವುದಿಲ್ಲ. ಮೊಟ್ಟೆಯಿಡುವ ಮೀನೇ ಉಳಿಯದಿದ್ದರೆ ಮುಂದಿನ ವರ್ಷ ಹೊಳೆ ತುಂಬಿ ಹರಿದೂ ಏನು ಬಂತು?

ಅವಳು ಬೇರಿನ ಮರೆಯಲ್ಲಿ ಕೂತು ಮೂರು ದಿನ ಮೂಡಣ ದಡವನ್ನೇ ನೋಡಿದಳು. ಅಲ್ಲಿಯ ಬಂಡೆಗಳ ಮೇಲೂ ಅರ್ಧ ತಿಂದ ಮೀನುಗಳಿದ್ದವು. ಮೀಸೆಮಾವ ನೀರಿಗೆ ಇಳಿಯುವ ಮುನ್ನ ಪ್ರತಿ ಸಲವೂ ಈ ಕಡೆಗೊಮ್ಮೆ ಕತ್ತು ಚಾಚಿ ನೋಡುತ್ತಿದ್ದ. ಈ ಕಡೆಯವರು ಯಾರಾದರೂ ನೀರಲ್ಲಿದ್ದರೆ ತಾನೂ ಗಡಿಬಿಡಿಯಲ್ಲಿ ಧುಮುಕುತ್ತಿದ್ದ. ಯಾರೂ ಇಲ್ಲದಿದ್ದಾಗ ಮೈ ಒಣಗಿಸಿಕೊಳ್ಳುತ್ತ ಕೂರುತ್ತಿದ್ದ. ಅವನನ್ನು ನೀರಿಗೆ ತಳ್ಳುತ್ತಿರುವುದು ಹಸಿವಲ್ಲ, ತಮ್ಮ ಮೇಲಿನ ಹೆದರಿಕೆ ಎಂದು ಬೆಳ್ಳಕ್ಕನಿಗೆ ಹೊಳೆಯಿತು. ಭರಮನ ಹೆದರಿಕೆಯೂ ಅದೇ ಅಲ್ಲವೇ?

ಭರಮನ ಲೆಕ್ಕಾಚಾರ ಬೇರೆಯಿತ್ತು. ಬೆಳಕು ಹರಿಯುವಷ್ಟರಲ್ಲಿ ಮೂಡಣದ ಬಿಲಗಳ ಮೇಲೆ ಬೀಳೋಣ, ಅವರನ್ನು ಓಡಿಸಿಬಿಡೋಣ ಎಂದು ಅವನು ಗುಂಪಿನವರನ್ನು ಹುರಿದುಂಬಿಸುತ್ತಿದ್ದ. ಬೆಳ್ಳಕ್ಕ ಅವನನ್ನು ಗದರಲಿಲ್ಲ. ಸೋತರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಗೆದ್ದರೆ ಏನಾಗುತ್ತದೆಂದು ಹೇಳು ಎಂದಳು. ಅವನು ಯೋಚಿಸಿದ. ಗೆದ್ದರೂ ಅರ್ಧ ಜನ ಗಾಯಗೊಂಡು ಮಲಗುತ್ತಾರೆ, ಓಡಿಹೋದವರು ಸೇಡಿಗೆ ಕಾಯುತ್ತಾರೆ, ಮರಿಗಳನ್ನು ನೀರಿಗೆ ಬಿಡಲೂ ಭಯಪಡಬೇಕಾಗುತ್ತದೆ. ಭರಮ ದಾಳಿಯ ಮಾತು ಬಿಟ್ಟ. ಆದರೆ ಅವನ ಮುಖ ಗಂಟಿಕ್ಕಿಕೊಂಡೇ ಇತ್ತು.

ಮರುದಿನ ಬೆಳ್ಳಕ್ಕ ಒಬ್ಬಳೇ ಈಜಿ, ಮಡುವಿನ ನಡುವಿನ ಬಂಡೆ ಹತ್ತಿ ಕೂತಳು. ಎರಡೂ ದಡದವರು ಬಿಲಗಳಿಂದ ಹೊರಬಂದು ನೋಡಿದರು. ಸ್ವಲ್ಪ ಹೊತ್ತಿಗೆ ಮೀಸೆಮಾವನೂ ಬಂದ, ಆದರೆ ಬಂಡೆ ಹತ್ತದೆ ನೀರಲ್ಲೇ ನಿಂತ.

ಮೀನು ಕಮ್ಮಿಯಾಗುತ್ತಿರುವುದು ಅವನಿಗೂ ಗೊತ್ತಿತ್ತು. ಆದರೆ ಬೆಳ್ಳಕ್ಕ ಒಪ್ಪಂದವೆಂದ ಕೂಡಲೇ ಬೇಡವೆಂದು ತಲೆಯಾಡಿಸಿಬಿಟ್ಟ. ಹಿಂದೆಯೂ ಆಣೆ ಪ್ರಮಾಣಗಳು ಆಗಿವೆ, ಮೊದಲು ಮುರಿದವರು ಪಡುವಣದವರೇ ಎಂದ.

"ಆಣೆ ಬೇಡ ಮಾವ," ಎಂದಳು ಬೆಳ್ಳಕ್ಕ. "ನಾಳೆ ಹೊತ್ತು ನೆತ್ತಿಗೆ ಬಂದ ಕೂಡಲೇ ನಮ್ಮವರು ನೀರಿನಿಂದ ಮೇಲೆ ಬರುತ್ತಾರೆ. ನೀವು ಕೂತು ನೋಡಿ. ನೀವೂ ಹಾಗೇ ಮಾಡಿದರೆ ನಾಡಿದ್ದೂ ನಿಲ್ಲಿಸುತ್ತೇವೆ. ನೀವು ಸಂಜೆವರೆಗೆ ಹಿಡಿದರೆ, ನಾಡಿದ್ದು ನಾವೂ ಸಂಜೆವರೆಗೆ ಹಿಡಿಯುತ್ತೇವೆ. ಅದರ ಮರುದಿನ ಮತ್ತೆ ನಿಲ್ಲಿಸಿ ನೋಡುತ್ತೇವೆ."

"ಒಂದು ದಿನ ನಾವು ಮೋಸ ಮಾಡಿದರೆ ನಿಮಗೆ ನಷ್ಟವಲ್ಲವೇ?"

"ಒಂದೇ ದಿನದ ನಷ್ಟ. ಅಷ್ಟನ್ನು ನಾವು ತಡೆದುಕೊಳ್ಳುತ್ತೇವೆ."

ಮೀಸೆಮಾವ ಮುಳುಗಿ ತನ್ನ ದಡಕ್ಕೆ ಹೋದ.

ಮರುದಿನ ಹೊತ್ತು ನೆತ್ತಿಗೇರುತ್ತಲೇ ಪಡುವಣದವರು ಮೇಲೆ ಬಂದು ಸಾಲಾಗಿ ಕೂತರು. ಮೂಡಣದವರು ಕತ್ತಲಾಗುವವರೆಗೂ ಮೀನು ಹಿಡಿದರು. ಭರಮ ಹಲ್ಲು ಕಡಿದ. ಅದರ ಮರುದಿನ ಬೆಳ್ಳಕ್ಕ ಹೇಳಿದಂತೆಯೇ ತನ್ನವರೆಲ್ಲರನ್ನೂ ಸಂಜೆವರೆಗೆ ಮೀನಿಗೆ ಇಳಿಸಿದಳು. ಮೂಡಣದವರ ಬಿಲದ ಕಡೆಗೆ ಒಬ್ಬರೂ ಹೋಗಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಮೂರನೆಯ ದಿನ ಮಧ್ಯಾಹ್ನಕ್ಕೆ ಮತ್ತೆ ಎಲ್ಲರೂ ಮೇಲೆ.

ಆಗ ಮೀಸೆಮಾವ ಈ ಕಡೆಗೆ ಬಹಳ ಹೊತ್ತು ನೋಡಿದ. ಇವಳು ಹೆದರಿ ಬಿಟ್ಟುಕೊಡುವವಳಲ್ಲ, ಸೇಡಿಗೆ ಬಿದ್ದವಳೂ ಅಲ್ಲ, ಹೇಳಿದ್ದನ್ನು ಹೇಳಿದಷ್ಟೇ ಮಾಡುವವಳು ಎಂದು ಅವನಿಗೆ ಅನ್ನಿಸಿರಬೇಕು. ಒಂದು ಸಿಳ್ಳು ಹಾಕಿದ. ಮೂಡಣದವರು ಒಬ್ಬೊಬ್ಬರಾಗಿ ನೀರು ಬಿಟ್ಟು ಮೇಲೆ ಬಂದರು.

ಅಲ್ಲಿಂದ ಮುಂದೆ ದಿನವೂ ಅದೇ ಪದ್ಧತಿಯಾಯಿತು. ಬಂಡೆಗಳ ಮೇಲೆ ಅರ್ಧ ತಿಂದ ಮೀನು ಕಾಣದಾಯಿತು. ಹಿಡಿದದ್ದು ಕಮ್ಮಿ, ಆದರೆ ಎಲ್ಲರ ಹೊಟ್ಟೆಯೂ ತುಂಬುತ್ತಿತ್ತು. ಮಧ್ಯಾಹ್ನ ಎರಡೂ ದಡದವರು ಬಿಸಿಲಿಗೆ ಮೈ ಚಾಚಿ ಮಲಗುತ್ತಿದ್ದರು.

ಹೀಗೆ ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಭರಮ ಏದುಸಿರು ಬಿಡುತ್ತ ಬಂದ. ಮಡುವಿನ ಬಡಗಣ ಮೂಲೆಯಲ್ಲಿ, ಜೊಂಡಿನ ನೆರಳಲ್ಲಿ, ದೊಡ್ಡ ದೊಡ್ಡ ಮೀನುಗಳ ಹಿಂಡೊಂದಿತ್ತು. ಅದರಲ್ಲಿ ಈಗ ಒಂದೂ ಕಾಣುತ್ತಿರಲಿಲ್ಲ. ಮೂಡಣದವರು ರಾತ್ರಿ ಕದ್ದು ಹಿಡಿದಿದ್ದಾರೆ, ಇನ್ನು ತಡೆಯುವುದು ಬೇಡ, ಈಗಲೇ ಬಿಲಗಳಿಗೆ ನುಗ್ಗೋಣ ಎಂದ. ಉಳಿದವರೂ ಎದ್ದು ನಿಂತರು.

ಇಷ್ಟು ದಿನ ಕಟ್ಟಿದ್ದು ಒಂದೇ ಬೆಳಗ್ಗೆ ಕುಸಿದುಬಿಟ್ಟಿತೇ ಎಂದುಕೊಂಡಳು ಬೆಳ್ಳಕ್ಕ. ಅದೇ ಹೊತ್ತಿಗೆ ಮೂಡಣ ದಡದಿಂದಲೂ ಕೂಗಾಟ ಕೇಳಿಸಿತು. ಅವಳು ಕಿವಿಗೊಟ್ಟಳು. ಅವರು ಕೂಗುತ್ತಿದ್ದುದು ಪಡುವಣದ ಕಳ್ಳರೆಂದು. ಕದ್ದವರು ಹೀಗೆ ಕೂಗುವುದುಂಟೇ ಎಂದು ಅವಳಿಗೆ ಅನುಮಾನ ಬಂತು.

ತನ್ನವರನ್ನು ದಡದಲ್ಲೇ ನಿಲ್ಲಿಸಿ ಅವಳು ನಡುಬಂಡೆಗೆ ಈಜಿದಳು. ಮೀಸೆಮಾವ ಆಗಲೇ ಅಲ್ಲಿದ್ದ, ಮೀಸೆ ನಿಮಿರಿತ್ತು.

"ಮಾವ, ನೀವು ಹಿಡಿದಿದ್ದೀರಾ?" ಎಂದು ಕೇಳಿದಳು.

"ಇಲ್ಲ. ನೀವು?"

"ಇಲ್ಲ. ನಿಮ್ಮ ಮಾತು ಸುಳ್ಳಾದರೆ ನಾಳೆ ಏನು ಮಾಡುತ್ತೇನೆಂದು ನಿಮಗೆ ಗೊತ್ತು. ಇವತ್ತು ಮಾತ್ರ ಇಬ್ಬರೂ ಹೋಗಿ ಕಣ್ಣಾರೆ ನೋಡೋಣ."

ಇಬ್ಬರೂ ಜೊಂಡಿನ ಮೂಲೆಗೆ ಹೋದರು. ಕೆಸರಿನಲ್ಲಿ ಅಗಲವಾದ ಹೆಜ್ಜೆಗಳಿದ್ದವು, ನಡುವೆ ಬಾಲ ಎಳೆದ ಉದ್ದನೆಯ ಗೆರೆ. ಮೇಲಿನ ಮಡು ಬತ್ತಿದ್ದರಿಂದ ಅಲ್ಲಿಯ ಮೊಸಳೆ ಮರಳ ಮೇಲೆ ತೆವಳಿಕೊಂಡು ಇಲ್ಲಿಗೆ ಬಂದಿತ್ತು. ಜೊಂಡಿನಡಿಯಲ್ಲಿ ಅದರ ಕಣ್ಣು ಮಿನುಗುತ್ತಿತ್ತು.

ಒಂದು ಗುಂಪು ಆ ಮೊಸಳೆಯನ್ನು ಓಡಿಸುವುದು ಸಾಧ್ಯವೇ ಇರಲಿಲ್ಲ. ಎರಡು ಸೇರಿ ಇಪ್ಪತ್ತನಾಲ್ಕು ಜನ. ಬೆಳ್ಳಕ್ಕನ ಕಡೆಯವರು ಅದರ ಮೂತಿಯೆದುರು ಮುಳುಗಿ ಏಳುತ್ತ ಗಮನ ಸೆಳೆದರು, ಮೀಸೆಮಾವನ ಕಡೆಯವರು ಹಿಂದಿನಿಂದ ಬಾಲ ಕಚ್ಚಿದರು. ಅದು ಹಿಂದಕ್ಕೆ ತಿರುಗಿದಾಗ ಭರಮ ಅದರ ಪಕ್ಕೆಗೆ ಬಾಯಿ ಹಾಕಿದ. ಮಧ್ಯಾಹ್ನದವರೆಗೂ ನಡೆಯಿತು. ಕೊನೆಗೆ ಮೊಸಳೆ ಬೇಸತ್ತು, ಮರಳು ಹತ್ತಿ, ಕೆಳಗಿನ ದೊಡ್ಡ ನದಿಯ ಕಡೆಗೆ ತೆವಳಿಹೋಯಿತು. ಮೂಡಣದ ಇಬ್ಬರಿಗೂ ಭರಮನಿಗೂ ಗಾಯಗಳಾದವು. ಪ್ರಾಣ ಯಾರದೂ ಹೋಗಲಿಲ್ಲ.

ಮಳೆ ಬಂತು. ಮಡುವಿನಲ್ಲಿ ಉಳಿದಿದ್ದ ಮೀನುಗಳು ಹೊಸ ನೀರಿಗೆ ಎದುರಾಗಿ ಮೊಟ್ಟೆಯಿಡಲು ಮೇಲಕ್ಕೆ ಹೊರಟವು. ಇನ್ನು ಎಲ್ಲರಿಗೂ ಬೇಕಾದಷ್ಟಿತ್ತು, ಮಧ್ಯಾಹ್ನಕ್ಕೆ ನಿಲ್ಲಿಸುವ ಅಗತ್ಯವಿರಲಿಲ್ಲ.

ಆದರೆ ಮಳೆ ಹಿಡಿದ ನಾಲ್ಕನೆಯ ದಿನ ಹೊಳೆ ಉಕ್ಕಿ, ತಗ್ಗಿನಲ್ಲಿದ್ದ ಮೂಡಣದ ಬಿಲಗಳಿಗೆ ನೀರು ನುಗ್ಗತೊಡಗಿತು. ಬೆಳ್ಳಕ್ಕ ನೋಡುತ್ತಿದ್ದಂತೆ ಮೀಸೆಮಾವ ಸೆಳವಿನಲ್ಲಿ ಅಡ್ಡಲಾಗಿ ಈಜಿಕೊಂಡು ಈ ದಡಕ್ಕೆ ಬಂದ. ಬಾಯಲ್ಲಿ ಕಣ್ಣು ಬಿಡದ ಮರಿಯೊಂದಿತ್ತು. ಅದನ್ನು ಅವಳ ಕಾಲ ಬಳಿ ಇಳಿಸಿ, ಒಂದು ಮಾತೂ ಕೇಳದೆ, ಒಂದು ಆಣೆಯನ್ನೂ ಬೇಡದೆ, ಇನ್ನೊಂದು ಮರಿಯನ್ನು ತರಲು ತಿರುಗಿ ನೀರಿಗೆ ಹಾರಿದ. ಬೆಳ್ಳಕ್ಕ ಆ ಮರಿಯನ್ನು ಬೇರಿನ ಸಂದಿಯ ಒಣ ಜಾಗದಲ್ಲಿ, ತನ್ನ ಮರಿಗಳ ನಡುವೆ ಮಲಗಿಸಿದಳು. ಅವಳು ಹೊರಗೆ ಬರುವಷ್ಟರಲ್ಲಿ ಭರಮನೂ ಮೀಸೆಮಾವನ ಹಿಂದೆಯೇ ಹೊಳೆ ದಾಟುತ್ತಿದ್ದ.

ನೀತಿ: ಎದುರಾಳಿಯ ಹೆದರಿಕೆಯನ್ನು ಅರಿತು, ತಾನೇ ಮೊದಲ ಹೆಜ್ಜೆಯಿಟ್ಟು, ಆಡಿದ ಮಾತನ್ನು ದಿನದಿನವೂ ನಡೆಸಿ ತೋರಿಸುವವರ ಮೇಲೆ ಎದುರಾಳಿಗೂ ನಂಬಿಕೆ ಹುಟ್ಟುತ್ತದೆ.