ಸುಣ್ಣ ಹಚ್ಚಿದ ಮೂತಿ

ಪುಟ್ಟ ನಾಯಿ ಚುಕ್ಕಿಯ ಮೂತಿಗೆ ಜೇನುಹುಳ ಕುಟುಕಿತು. ಮನೆಯೊಡತಿ ಅಲ್ಲಿಗೆ ಸುಣ್ಣ ಹಚ್ಚಿ ಒಳಗೆ ಹೋದಳು. ಗಂಟಲು ಬಿಗಿಯತೊಡಗಿದಾಗ ಚುಕ್ಕಿ ತೂರಾಡುತ್ತ ಕಾವಲುನಾಯಿ ಭೈರನ ಬಳಿ ಬಂದಳು.

"ಭೈರಣ್ಣಾ, ಉಸಿರು ಕಟ್ಟುತ್ತಿದೆ. ಬೊಗಳಲು ನನಗೆ ದನಿ ಏಳುತ್ತಿಲ್ಲ. ನೀನಾದರೂ ಬೊಗಳಿ ಅಮ್ಮನನ್ನು ಕರೆ."

"ಇಷ್ಟಕ್ಕೆಲ್ಲ ಅಮ್ಮನನ್ನು ಕರೆಯುತ್ತಾರೆಯೇ? ನನಗೆ ಎಷ್ಟು ಸಲ ಕುಟುಕಿಲ್ಲ! ಸುಣ್ಣ ಹಚ್ಚಿದ್ದಾರಲ್ಲ, ಸುಮ್ಮನೆ ಮಲಗು."

ನೆಲದ ಮೇಲೆ ಸಾಯುತ್ತ ಬಿದ್ದಿದ್ದ ಜೇನುಹುಳ ಹೇಳಿತು: "ಭೈರಾ, ನಮ್ಮ ವಿಷ ನಿನಗೆ ಬರಿಯ ಉರಿ, ಅವಳಿಗೆ ಸಾವು. ಬೇಗ ಬೊಗಳು."

"ಕುಟುಕಿದ ಹುಳದ ಮಾತು ನಾನು ಕೇಳಬೇಕೇ?" ಎಂದು ಭೈರ ಕಣ್ಣು ಮುಚ್ಚಿದ.

ಸಂಜೆ ಚುಕ್ಕಿಯನ್ನು ಹಿತ್ತಿಲಲ್ಲಿ ಹೂತರು. ಕೆಲವು ದಿನಗಳಲ್ಲಿ ಮನೆಗೆ ಇನ್ನೊಂದು ಪುಟ್ಟ ಮರಿ ಬಂತು. ಭೈರ ಅದಕ್ಕೆ ಮೊದಲು ಹೇಳಿಕೊಟ್ಟದ್ದೇ ಇದು: "ಜೇನು ಕುಟುಕಿದರೆ ಹೆದರಬೇಡ. ಸುಣ್ಣ ಸಾಕು. ಬೇಕಾದರೆ ನನ್ನನ್ನೇ ನೋಡು."