ಗೆಣಸಿನ ಶೋಚು ಕುಡಿದ ವರ್ತಕ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ದೋಣಿಯವರ ಹಾಡೆಂದರೆ ನನಗೆ ಪ್ರಾಣ. ಅದು ಕೀಳು ಹಾಡೆಂದು ಹಿರಿಯ ಶಿಷ್ಯರು ಹೇಳುತ್ತಾರೆ. ಯಾರಿಗೂ ಕೇಳಿಸದ ಹಾಗೆ ಹಾಡಿಕೊಂಡರೆ ಆಗದೆ?"

ಗುರುಗಳು ಈ ಕತೆ ಹೇಳಿದರು.

ಜಪಾನಿನ ಒಂದು ನಗರದಲ್ಲಿ ಅಕ್ಕಿಯ ಮದ್ಯದ ವರ್ತಕನೊಬ್ಬನಿದ್ದ. ವರ್ತಕರ ಸಂಘದಲ್ಲಿ ರುಚಿ ನೋಡುವ ಪೀಠ ಅವನದು. ಯಾವ ಪೀಪಾಯಿ ಮೇಲು, ಯಾವುದು ಕೀಳು ಎಂದು ಅವನು ಹೇಳಿದರೆ ಮುಗಿಯಿತು, ಎರಡನೆಯ ಮಾತಿಲ್ಲ. ಅವನ ತಂದೆಯೂ ಅದೇ ಪೀಠದಲ್ಲಿ ಕುಳಿತಿದ್ದವನು. ದಿನವಿಡೀ ಮದ್ಯವನ್ನು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಹೊರಳಿಸಿ, ಉಗುಳುವುದು ಅವನ ಕೆಲಸ. ಕುಡಿದು ಸಂತೋಷಪಟ್ಟ ನೆನಪು ಅವನಿಗಿರಲಿಲ್ಲ.

ಒಮ್ಮೆ ವ್ಯಾಪಾರಕ್ಕೆಂದು ದಕ್ಷಿಣದ ದ್ವೀಪಕ್ಕೆ ಹೋದ. ಬಿರುಗಾಳಿ ಎದ್ದು, ಮರಳುವ ಹಡಗು ಹೊರಡಲಿಲ್ಲ. ಒಬ್ಬ ರೈತ ಅವನನ್ನು ಮನೆಗೆ ಕರೆದು, ಬಟ್ಟಲಿಗೆ ಮೊದಲು ಬಿಸಿನೀರು ಹಾಕಿ, ಅದರ ಮೇಲೆ ಗೆಣಸಿನಿಂದ ಭಟ್ಟಿ ಇಳಿಸಿದ ಮದ್ಯ ಸುರಿದು ಕೊಟ್ಟ. ಅದಕ್ಕೆ ಅಲ್ಲಿಯವರು ಶೋಚು ಎನ್ನುತ್ತಾರೆ. ವರ್ತಕನ ನಗರದಲ್ಲಿ ಮರ್ಯಾದಸ್ಥರು ಅದರ ಹೆಸರೆತ್ತುತ್ತಿರಲಿಲ್ಲ.

ವರ್ತಕ ಮೂಸಿ ನೋಡಿ, "ಮಣ್ಣಿನ ವಾಸನೆ" ಎಂದ.

"ಗೆಣಸು ಮತ್ತೆಲ್ಲಿ ಬೆಳೆಯಬೇಕು ಸ್ವಾಮಿ?" ಎಂದ ರೈತ.

ವರ್ತಕ ದಾಕ್ಷಿಣ್ಯಕ್ಕೆಂದು ಒಂದು ಗುಟುಕು ತೆಗೆದುಕೊಂಡ. ಉಗುಳಲು ಹೋದವನು ನುಂಗಿಬಿಟ್ಟ. ಬಿಸಿ ಎದೆಗೆ ಇಳಿಯಿತು. ಬಟ್ಟಲು ಬರಿದಾದ ಮೇಲೆ ರೈತ ಕೇಳುವ ಮೊದಲೇ ಅದನ್ನು ಮತ್ತೆ ಮುಂದೆ ಚಾಚಿದ.

ಊರಿಗೆ ಮರಳುವಾಗ ಒಂದು ಜಾಡಿ ತಂದ. ಸಂಜೆ ಹೆಂಡತಿಗೂ ಒಂದು ಬಟ್ಟಲು ಬೆರೆಸಿ ಕೊಟ್ಟ. ಅವಳು ಕುಡಿದು, "ನೀರು ಹೆಚ್ಚಾಯಿತು" ಎಂದಳು. ಮರುದಿನ ಅವಳೇ ಬೆರೆಸಿದಳು. ಸುಟ್ಟ ಮೀನು ಮುಂದಿಟ್ಟುಕೊಂಡು ಇಬ್ಬರೂ ಬೀದಿಯ ಕಡೆಯ ಕಿಟಕಿಯ ಬಳಿ ಕೂರತೊಡಗಿದರು. ವ್ಯಾಪಾರದ ಮಾತಷ್ಟೇ ನಡೆಯುತ್ತಿದ್ದ ಮನೆಯಲ್ಲಿ ನಗು ಕೇಳಿಸಿತು.

ಗೆಣಸಿನ ಘಮ ಬೀದಿಗೂ ಹೋಯಿತು. ಒಂದು ಸಂಜೆ ಸಂಘದ ಹಿರಿಯ ಬಂದು ಕುಳಿತ.

"ಪೀಠದಲ್ಲಿರುವವನೇ ಇದನ್ನು ಕುಡಿದರೆ ನಮ್ಮ ಮದ್ಯವನ್ನು ಯಾರು ನಂಬುತ್ತಾರೆ?" ಎಂದ. "ಕುಡಿಯಬೇಡ ಎನ್ನುವುದಿಲ್ಲ. ಕಿಟಕಿ ಮುಚ್ಚಿಕೊಂಡು ಕುಡಿ. ಯಾರಾದರೂ ಕೇಳಿದರೆ ಔಷಧಿ ಎನ್ನು."

ಆ ಮಾತಿನಲ್ಲಿ ಗದರಿಕೆ ಇರಲಿಲ್ಲ, ಒಂದು ಬಗೆಯ ದಯೆಯೇ ಇತ್ತು. ತಂದೆ ಕುಳಿತ ಪೀಠ ಕಣ್ಣಮುಂದೆ ಬಂದು ವರ್ತಕನಿಗೆ ಭಯವಾಯಿತು. ಅಷ್ಟರಲ್ಲಿ ಹೆಂಡತಿ ತಲೆ ತಗ್ಗಿಸಿಕೊಂಡು ಎದ್ದು ಕಿಟಕಿಗೆ ಕೈ ಹಾಕಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಂತ ಅವಳನ್ನು ಕಂಡು ಅವನ ಭಯ ಹೋಗಿ ಸಿಟ್ಟು ಬಂತು.

"ಅದನ್ನು ಮುಟ್ಟಬೇಡ, ಬಂದು ಕೂರು" ಎಂದ. ಆಮೇಲೆ ಹಿರಿಯನ ಕಡೆ ತಿರುಗಿದ. "ನಿಮ್ಮ ಮದ್ಯ ಚೆನ್ನಾಗಿದ್ದಾಗ ಚೆನ್ನಾಗಿದೆ ಎಂದಿದ್ದೇನೆ. ಇದೂ ಚೆನ್ನಾಗಿದೆ. ಇದನ್ನು ಔಷಧಿ ಎಂದು ಸುಳ್ಳಾಡಿದ ಬಾಯಿಯನ್ನು ನಾಳೆ ನೀವಾದರೂ ಹೇಗೆ ನಂಬುತ್ತೀರಿ?"

ಹಿರಿಯನಿಗೂ ಒಂದು ಬಟ್ಟಲು ಬೆರೆಸಿ ಮುಂದಿಟ್ಟ. ಹಿರಿಯ ಮುಟ್ಟದೆ ಎದ್ದು ಹೋದ.

ಪೀಠ ಹೋಯಿತು. ಹಳೆಯ ಗಿರಾಕಿಗಳೂ ಹೋದರು. ವರ್ತಕ ದೊಡ್ಡ ಅಂಗಡಿ ಬಿಟ್ಟು ಸಣ್ಣದೊಂದರಲ್ಲಿ ಕೂತ. ಸಂಜೆಯಾದರೆ ಗಂಡ ಹೆಂಡತಿ ಬೀದಿಯವರೆಲ್ಲ ನೋಡುವಂತೆ ಬಟ್ಟಲು ಎತ್ತುತ್ತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಕಿಟಕಿ ಮುಚ್ಚಿದ್ದರೆ ಪೀಠವೂ ಉಳಿಯುತ್ತಿತ್ತು, ಶೋಚುವೂ ಉಳಿಯುತ್ತಿತ್ತಲ್ಲ?" ಎಂದ.

"ತನ್ನ ಮನೆಯಲ್ಲೇ ಕದ್ದು ಕುಡಿಯುವವನಿಗೆ ಮನೆ ಎಲ್ಲಿಯದು?" ಎಂದರು ಗುರುಗಳು.

ಆ ಸಂಜೆ ಶಿಷ್ಯ ಅಂಗಳದಲ್ಲಿ ಕುಳಿತು ದೋಣಿಯವರ ಹಾಡನ್ನು ಎಲ್ಲರಿಗೂ ಕೇಳಿಸುವಂತೆ ಹಾಡಿದ.